ಹದಿನೇಳು ಅಂಕಣ, ಒಂದು ಬೆರಳು

ನಕ್ಷೆಯವರಿಗೆ ಲ್ಯಾಪ್‌ಟಾಪ್ ಬೇಕಾಗಿತ್ತು ಎಂದರೆ ಅದು ಅರ್ಧ ಸತ್ಯ. ಅವರಿಗೆ ಬೇಕಾಗಿದ್ದದ್ದು ಕೈ ಕೊಡದ ಲ್ಯಾಪ್‌ಟಾಪ್. ಕಟ್ಟಡಗಳ ನಕ್ಷೆ ಬರೆದು ಬದುಕುವ ಸ್ವತಂತ್ರ ಜೀವಿ ಅವರು. ಮನೆಯ ಮುಂದಿನ ಕೋಣೆಯೇ ಕಚೇರಿ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. “ನನಗೆ ಮೇಲಧಿಕಾರಿ ಅಂತ ಯಾರೂ ಇಲ್ಲ” ಎಂದು ಅವರು ಗಿರಾಕಿಗಳಿಗೆ ಹೇಳುವುದುಂಟು. (ಹೊಲಿಗೆ ಯಂತ್ರ ಜೋರಾಗಿ ಓಡುತ್ತಿರುವಾಗ ಮಾತ್ರ.)

ಹಳೆಯ ಲ್ಯಾಪ್‌ಟಾಪಿನ ಸೊಂಟ ಮುರಿದಿತ್ತು. ಗೋಡೆಗೆ ಒರಗಿಸಿದರೆ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ಹೋದ ತಿಂಗಳು ಗಿರಾಕಿಯೊಬ್ಬರಿಗೆ ಎರಡಂತಸ್ತಿನ ಮನೆ ತೋರಿಸುತ್ತಿದ್ದಾಗ, ಮಹಡಿ ಹತ್ತುವ ಮೊದಲೇ ಅದು ಕಣ್ಣು ಮುಚ್ಚಿತು. ಹೋದ ಗಿರಾಕಿ ತಿರುಗಿ ಬರಲಿಲ್ಲ. ಈಗ ಸೋಮವಾರ ಹತ್ತು ಗಂಟೆಗೆ ಹಲ್ಲಿನ ಡಾಕ್ಟರಮ್ಮನಿಗೆ ಅವರ ಹೊಸ ಕ್ಲಿನಿಕ್ಕಿನ ನಕ್ಷೆ ತೋರಿಸಬೇಕು. ವರ್ಷದಲ್ಲೇ ದೊಡ್ಡ ಕೆಲಸ. ಇದೂ ತಪ್ಪಿದರೆ ಉಳಿದ ವರ್ಷವೆಲ್ಲ ಕಾಂಪೌಂಡು ಗೋಡೆಗಳ ನಕ್ಷೆ ಬರೆದುಕೊಂಡಿರಬೇಕು.

ಹಾಗೆಂದು ನಕ್ಷೆಯವರು ಸುಮ್ಮನೆ ಕೂತಿರಲಿಲ್ಲ. ನಾಲ್ಕು ತಿಂಗಳಿಂದ ಲ್ಯಾಪ್‌ಟಾಪ್‌ಗಳ ಪಟ್ಟಿ ಮಾಡುತ್ತಿದ್ದರು. ತೂಕ, ಬ್ಯಾಟರಿ, ಮೆಮೊರಿ, ಬಿದ್ದರೆ ಏನಾಗುತ್ತದೆ, ನೀರು ಚೆಲ್ಲಿದರೆ ಏನಾಗುತ್ತದೆ, ಹೀಗೆ ಹದಿನೇಳು ಅಂಕಣ. ಅಳೆದೂ ಸುರಿದೂ ಒಂದನ್ನು ಆರಿಸುವಷ್ಟರಲ್ಲಿ ಹೊಸದೊಂದು ಪೇಟೆಗೆ ಬರುತ್ತಿತ್ತು. ಮತ್ತೆ ಮೊದಲಿನಿಂದ.

“ರೀ, ನನ್ನನ್ನ ಒಪ್ಕೊಳ್ಳೋಕೆ ನಿಮಗೆ ಹತ್ತು ನಿಮಿಷ ಸಾಕಾಗಿತ್ತು” ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

“ಆಗ ನನಗೆ ಪಟ್ಟಿ ಮಾಡೋದು ಗೊತ್ತಿರ್ಲಿಲ್ಲ ಕಣೇ” ಎಂದುಬಿಟ್ಟರು. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡರು, ಪ್ರಯೋಜನವಾಗಲಿಲ್ಲ. ಶನಿವಾರ ಬೆಳಿಗ್ಗೆ ಅವಳೇ ಅವರನ್ನು ಅಂಗಡಿಗೆ ಹೊರಡಿಸಿಕೊಂಡು ಹೋದಳು.

ಅಂಗಡಿಯಲ್ಲಿ ನಕ್ಷೆಯವರ ಮನಸ್ಸು ತೆಳ್ಳಗೆ ಬೆಳ್ಳಗೆ ಹೊಳೆಯುವ ಒಂದರ ಮೇಲೆ ಬಿತ್ತು. ಪಟ್ಟಿ ತೆಗೆದು ಹದಿನೇಳು ಪ್ರಶ್ನೆ ಕೇಳಿದರು. ಹೆಂಡತಿ ಅಷ್ಟೂ ಹೊತ್ತು ಕೀಲಿಗಳನ್ನು ಒತ್ತಿ ನೋಡಿದಳು, ಮುಚ್ಚಳವನ್ನು ಹತ್ತು ಸಲ ತೆಗೆದು ಮುಚ್ಚಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. “ಇದು ಕೆಟ್ರೆ ಯಾರು ಬರ್ತಾರೆ? ಎಷ್ಟು ದಿನಕ್ಕೆ?”

“ಇದನ್ನ ಕಂಪನಿಗೇ ಕಳಿಸ್ಬೇಕಮ್ಮ, ಮೂರು ವಾರ ಆಗುತ್ತೆ” ಎಂದ ಅಂಗಡಿಯವನು. ಪಕ್ಕದ ದಪ್ಪನೆಯ ಬೂದು ಬಣ್ಣದ್ದನ್ನು ತೋರಿಸಿದ. “ಇದಕ್ಕಾದ್ರೆ ಮಾರನೇ ದಿನವೇ ಮನೆಗೆ ಬಂದು ಸರಿ ಮಾಡ್ತಾರೆ. ಮೂರು ವರ್ಷ.”

ಬೂದು ಬಣ್ಣದ್ದೇ ಮನೆಗೆ ಬಂತು. ನಕ್ಷೆಯವರ ಹದಿನೇಳು ಅಂಕಣಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ ಎಂಬುದನ್ನು ದಾರಿಯುದ್ದಕ್ಕೂ ಯಾರೂ ಎತ್ತಲಿಲ್ಲ. ಅದು ಆಕೆಯ ದೊಡ್ಡ ಗುಣ.

ಭಾನುವಾರ ನಕ್ಷೆಯವರು ಒಂದು ಕಡೆ ಕ್ಲಿನಿಕ್ಕಿನ ರಟ್ಟಿನ ಮಾದರಿ ಅಂಟಿಸುತ್ತ, ಇನ್ನೊಂದು ಕಡೆ ಹೊಸ ಯಂತ್ರಕ್ಕೆ ಭದ್ರತೆಯ ಏರ್ಪಾಡು ಮಾಡತೊಡಗಿದರು. ಬೆರಳಿಟ್ಟರೆ ಮಾತ್ರ ತೆರೆಯಬೇಕು.

“ಕೈ ತೊಳ್ಕೊಂಡು ಬನ್ನಿ, ಬೆರಳೆಲ್ಲ ಗೋಂದು.”

“ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ಗೊತ್ತಾ?” ಎಂದು ಗೋಂದು ಒಣಗಿದ ಬೆರಳನ್ನೇ ಒತ್ತಿದರು. ಯಂತ್ರ ಒಪ್ಪಿಕೊಂಡಿತು.

“ನಂದೂ ಒಂದು ಬೆರಳು ಇರ್ಲಿ.”

“ನಕ್ಷೆ ಬರೆಯೋ ಯಂತ್ರದಲ್ಲಿ ನಿನಗೇನು ಕೆಲಸ?” ಎಂದು ನಕ್ಕರು. ಆದರೂ ಹಾಕಿಸಿಕೊಟ್ಟರು. ಜೊತೆಗೆ ಯಾರಪ್ಪನಿಂದಲೂ ಊಹಿಸಲಾಗದ ಇಪ್ಪತ್ತು ಅಕ್ಷರಗಳ ಗುಪ್ತಪದವೊಂದನ್ನೂ ಇಟ್ಟರು. ಮರೆಯಬಾರದೆಂದು ಅದನ್ನು ಬಹಳ ಭದ್ರವಾದ ಜಾಗದಲ್ಲಿ ಬರೆದಿಟ್ಟರು. ಅದೇ ಲ್ಯಾಪ್‌ಟಾಪಿನ ಒಳಗೆ.

ಸೋಮವಾರ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಹತ್ತಕ್ಕೆ ಸರಿಯಾಗಿ ಡಾಕ್ಟರಮ್ಮನ ಎದುರು ಕೂತರು. ಠೀವಿಯಿಂದ ಬೆರಳಿಟ್ಟರು. ಯಂತ್ರ ಅವರನ್ನು ಗುರುತಿಸಲಿಲ್ಲ. ಒರೆಸಿ ಇಟ್ಟರು, ಊದಿ ಇಟ್ಟರು. ಕಂಡೇ ಇಲ್ಲ ಎಂದಿತು. ಗುಪ್ತಪದ ಕೇಳಿತು, ಅದು ಒಳಗಿತ್ತು. ಆಗ ಹೊಳೆಯಿತು: ಅದು ಗುರುತಿಟ್ಟುಕೊಂಡಿದ್ದು ಗೋಂದನ್ನು! ತಮ್ಮ ಕೆಲಸ ಕೈ ಜಾರುವುದು ಕಣ್ಣಿಗೆ ಕಂಡು, ಅವರಿಗೆ ನಿಜವಾಗಿಯೂ ಭಯವಾಯಿತು.

“ಮೇಡಂ, ಸ್ವಲ್ಪ ಗೋಂದು ಇದೆಯಾ?”

“ಹಲ್ಲಿಗೆ ಹಾಕೋ ಸಿಮೆಂಟಿದೆ. ನಡೆಯುತ್ತಾ?” ಎಂದರು ಡಾಕ್ಟರಮ್ಮ, ಗಡಿಯಾರ ನೋಡುತ್ತ. “ಹತ್ತೂವರೆಗೆ ನನಗೆ ಹಲ್ಲು ಕೀಳೋದಿದೆ.”

ಇಂಗು ತಿಂದ ಮಂಗನಂತಾದ ನಕ್ಷೆಯವರು ಹೊರಗೆ ಹೋಗಿ ಪಿಸುಮಾತಿನಲ್ಲಿ ಫೋನ್ ಮಾಡಿದರು. ಕಾಲು ಗಂಟೆಯಲ್ಲಿ ಹೆಂಡತಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬೆರಳಿಟ್ಟಳು. ಪರದೆಯ ಮೇಲೆ ಕ್ಲಿನಿಕ್ಕು ಬಾಗಿಲು ತೆರೆದುಕೊಂಡಿತು.

ಹತ್ತು ನಿಮಿಷದಲ್ಲಿ ಡಾಕ್ಟರಮ್ಮ ನಕ್ಷೆ ನೋಡಿ ಮುಗಿಸಿದರು. “ಚೆನ್ನಾಗಿದೆ. ಕೆಲಸ ನಿಮಗೇ.” ನಕ್ಷೆಯವರ ಎದೆ ಉಬ್ಬಿತು. “ಯಂತ್ರವೂ ಗಟ್ಟಿಮುಟ್ಟಾಗಿದೆ. ಕೆಟ್ರೆ ಏನು ಮಾಡ್ತೀರಿ?”

ನಕ್ಷೆಯವರು ಬಾಯಿ ತೆರೆಯುವ ಮೊದಲೇ ಹೆಂಡತಿ ಹೇಳಿದಳು. “ಯಂತ್ರ ಕೆಟ್ರೆ ಮಾರನೇ ದಿನ ಜನ ಬರ್ತಾರೆ ಮೇಡಂ. ಯಜಮಾನರು ಕೆಟ್ರೆ ನಾನು ಕಾಲು ಗಂಟೆಗೇ ಬರ್ತೀನಿ.”

ಡಾಕ್ಟರಮ್ಮ ನಕ್ಕು ಡೈರಿ ಎಳೆದುಕೊಂಡರು. ಕ್ಲಿನಿಕ್ಕಿನ ಕೆಲಸ ಎಂದು ಬರೆದು, ಅದರ ಮುಂದೆ ಹೆಂಡತಿಯ ಫೋನ್ ನಂಬರು ಕೇಳಿ ಬರೆದುಕೊಂಡರು.