ಪಾಂಗ್‌ಳ ಹೂವಿನ ಛತ್ರಿ

ಗಡಿಯೂರಿನ ಭಾನುವಾರದ ಸಂತೆಯಲ್ಲಿ ಬೆಟ್ಟದ ಹ್ಮಾಂಗ್ ಬುಡಕಟ್ಟಿನ ಹೆಂಗಸೊಬ್ಬಳು ಛತ್ರಿ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದಾಳೆಂದರೆ, ಅದರ ನೆರಳಲ್ಲಿ ಅವಳ ಗಂಡ ಜೋಳದ ಸಾರಾಯಿ ಏರಿಸಿ ಅಂಗಾತ ಮಲಗಿದ್ದಾನೆಂದೇ ಅರ್ಥ. ಹೊತ್ತು ಇಳಿಯುವವರೆಗೆ ನೆರಳು ಹಿಡಿದು, ಆಮೇಲೆ ಅವನನ್ನು ಕುದುರೆಯ ಮೇಲೆ ಹೇರಿಕೊಂಡು ಬೆಟ್ಟ ಹತ್ತುವುದು ಅಲ್ಲಿಯ ಪದ್ಧತಿ. ಸೆಯೊ ಲೂ ಈ ಪದ್ಧತಿಯ ಪರಮಭಕ್ತ. ಹನ್ನೊಂದು ವರ್ಷಗಳಿಂದ ಒಂದು ವಾರವೂ ತಪ್ಪಿಸದೆ ಹೆಂಡತಿ ಪಾಂಗ್‌ಳ ಹೂವಿನ ಛತ್ರಿಯಡಿ ಪವಡಿಸಿದ್ದ. (ಛತ್ರಿಗಳು ಮೂರು ಸವೆದಿದ್ದವು, ಭಕ್ತಿ ಸವೆದಿರಲಿಲ್ಲ.)

ತಕರಾರು ಎದ್ದದ್ದು ಹಂದಿಮರಿಯಿಂದ. ಕಳೆದ ಎರಡು ಸಂತೆಗಳಲ್ಲೂ ಮರಿ ಕೊಳ್ಳಲು ಹೋದವನು ಮಲಗಿ ಬಂದಿದ್ದ. ಈ ವಾರವೂ ಮರಿ ತಂದು ಕಟ್ಟದಿದ್ದರೆ ಹೊಸವರ್ಷದ ಹೊತ್ತಿಗೆ ಅದು ಬಲಿಯುವುದಿಲ್ಲ.

"ಹಬ್ಬಕ್ಕೆ ನನ್ನ ತವರಿನವರು ಬಂದರೆ ಏನು ಬಡಿಸಲಿ, ಕುಂಬಳಕಾಯೀನಾ?" ಎಂದಳು ಪಾಂಗ್. "ಇವತ್ತು ಬಿದ್ದರೆ ಬಿಸಿಲಲ್ಲೇ ಹಪ್ಪಳ ಆಗು. ನಾನು ಛತ್ರಿ ಬಿಚ್ಚೋಳಲ್ಲ."

ಸೆಯೊ ಲೂನ ಪೌರುಷ ಕೆರಳಿತು. "ಹಿರಿಯರ ಮೇಲಾಣೆ, ನೀನಾಗಿ ಆಣೆ ಬಿಟ್ಟೆ ಅನ್ನೋವರೆಗೂ ಒಂದು ತೊಟ್ಟೂ ಮುಟ್ಟಲ್ಲ," ಎಂದುಬಿಟ್ಟ.

ಸಂತೆಯಲ್ಲಿ ಒಂದೇ ಒಂದು ಒಳ್ಳೆಯ ಮರಿಯಿತ್ತು, ಕಪ್ಪು ಕಿವಿಯದು. ಅದನ್ನು ಗಡಿಯಾಚೆಯಿಂದ ತಂದಿದ್ದ ಮುದುಕಿ ಪದ್ಧತಿಯಂತೆ ಮೊದಲು ಬಟ್ಟಲಿಗೆ ಸಾರಾಯಿ ತುಂಬಿಸಿ ಮುಂದಿಟ್ಟಳು. ಬಟ್ಟಲು ಬರಿದಾಗದೆ ಬೆಲೆಯ ಮಾತಿಲ್ಲ. ಸೆಯೊ ಲೂ ಮುಖ ತಿರುಗಿಸಿ, ಉಸಿರು ಬಿಗಿಹಿಡಿದು, ಬೇಡವೆಂದ. ಮುದುಕಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕುಡೀದೆ ಹಂದಿ ಕೊಳ್ಳೋ ಗಂಡಸೋ? ಒಂದೋ ಹೊಟ್ಟೇಲಿ ರೋಗ, ಇಲ್ಲಾ ಮನಸ್ಸಲ್ಲಿ ಮೋಸ," ಎಂದು ಮರಿಯಿದ್ದ ಬುಟ್ಟಿಯ ಮುಚ್ಚಳ ಹಾಕಿದಳು.

ಅವನು ದಾರದಂಗಡಿಯಲ್ಲಿದ್ದ ಪಾಂಗ್‌ಳ ಬಳಿಗೆ ಓಡಿ, ಆಣೆಯನ್ನು ಒಂದೇ ಒಂದು ಬಟ್ಟಲಿನ ಮಟ್ಟಿಗೆ ಸಡಿಲಿಸೆಂದು ಅಂಗಲಾಚಿದ. ಅವಳು ಲಂಗ ಕೊಡವಿ ಎದ್ದಳು. "ಆಣೆ ನಿಂದು, ಬಾಯಿ ನಂದು. ನಡಿ."

ಪಾಂಗ್ ಬರಿದುಮಾಡಿದ ಮೊದಲ ಬಟ್ಟಲಿಗೆ ಮುಚ್ಚಳ ತೆರೆಯಿತು. ಎರಡನೆಯದಕ್ಕೆ ಮುದುಕಿಯ ಸೊಸೆ ಪಾಂಗ್‌ಳ ತವರೂರಿನವಳೆಂದು ತಿಳಿಯಿತು. ಮೂರನೆಯದು ಸೊಸೆಯ ಆರೋಗ್ಯಕ್ಕೆ, ನಾಲ್ಕನೆಯದು ಮರಿಯನ್ನು ಹೆತ್ತ ಹಂದಿಯ ಆರೋಗ್ಯಕ್ಕೆ. ಪ್ರತಿ ಬಟ್ಟಲಿಗೂ ಬೆಲೆ ಇಳಿಯಿತು, ಹಿಂದೆ ನಿಂತಿದ್ದ ಸೆಯೊ ಲೂ ಬರೀ ವಾಸನೆ ನುಂಗುತ್ತಿದ್ದ. ನಡುಮಧ್ಯಾಹ್ನಕ್ಕೆ ಮರಿ ಅವರದಾಯಿತು. ಪಾಂಗ್ ಬುಟ್ಟಿಯ ಪಕ್ಕದಲ್ಲೇ ಒರಗಿ ಗೊರಕೆ ಶುರುಮಾಡಿದಳು.

ಬಿಸಿಲು ಸುಡುತ್ತಿತ್ತು. ಸೆಯೊ ಲೂ ಆಚೆ ಈಚೆ ನೋಡಿದ. ಬೇರೆ ದಾರಿಯಿರಲಿಲ್ಲ. ಹೂವಿನ ಛತ್ರಿ ಬಿಚ್ಚಿದ. ಗಂಡಂದಿರಿಗೆ ಛತ್ರಿ ಹಿಡಿದು ಸಾಲಾಗಿ ಕೂತಿದ್ದ ಹೆಂಡತಿಯರು ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ನೆರಳು ಪಾಂಗ್‌ಳಿಗೆ ಸಾಕಾಯಿತು, ಮರಿಗೂ ಸಾಕಾಯಿತು, ಅವನಿಗೆ ಸಾಲಲಿಲ್ಲ.

"ಕೈ ನೋಯ್ತಾ ತಮ್ಮಾ?" ಎಂದಳು ಪಕ್ಕದವಳು, ನಿಜವಾದ ಕನಿಕರದಿಂದ. "ಎಡಗೈಗೆ ಬದಲಾಯಿಸ್ಕೋ. ನಾವೆಲ್ಲಾ ಹಾಗೇ ಮಾಡೋದು."

ಸಂಜೆ ಬುಟ್ಟಿ ಅವನ ಬೆನ್ನಿಗೇರಿತು, ಪಾಂಗ್ ಕುದುರೆಗೇರಿದಳು. ಅರ್ಧ ಬೆಟ್ಟದಲ್ಲಿ ಅವಳಿಗೆ ಎಚ್ಚರವಾಯಿತು. ಇದೇ ಸಮಯವೆಂದು ಅವನು ಮೆಲ್ಲಗೆ ಕೇಳಿದ. "ಮರಿ ಸಿಕ್ತಲ್ಲ. ಇನ್ನು ಆಣೆ ಬಿಟ್ಟೆ ಅನ್ನು."

ಪಾಂಗ್ ನೆಟ್ಟಗೆ ಕೂತು ಕಣಿವೆಯನ್ನು ಬಹಳ ಹೊತ್ತು ನೋಡಿದಳು.

"ಹನ್ನೊಂದು ವರ್ಷ ಈ ದಾರೀನ ನಡ್ಕೊಂಡೇ ಹತ್ತಿದೀನಿ ಕಣಯ್ಯಾ. ಕುದುರೆ ಮೇಲಿಂದ ಎಷ್ಟು ಚೆನ್ನಾಗಿ ಕಾಣುತ್ತೆ," ಎಂದಳು. "ಮರಿ ಒಂಟಿಯಾಯ್ತು. ಬರೋ ಭಾನುವಾರ ಜೊತೆಗೊಂದು ತರೋಣ. ಛತ್ರಿ ಮರೀಬೇಡ."