ದೊಡ್ಡವ್ವನ ಗುಡ್ಡದಣ್ಣ

ನಮ್ಮ ದೊಡ್ಡವ್ವನಿಗೆ ಒಬ್ಬ ಅಣ್ಣನಿದ್ದ. ಅವನನ್ನು ಹಿಡಿದುಕೊಟ್ಟವರಿಗೆ ನಿಜಾಮರ ಸರ್ಕಾರ ಇನಾಮು ಸಾರಿತ್ತು! ಇಂಥ ಘನವಾದ ತವರು ನಿಮ್ಮಲ್ಲಿ ಎಷ್ಟು ಜನರಿಗಿದೆ, ಹೇಳಿ? ಒಂದೇ ತೊಡಕು. ದೊಡ್ಡವ್ವನ ತವರಿನಲ್ಲಿ ಗಂಡುಮಕ್ಕಳೇ ಹುಟ್ಟಿರಲಿಲ್ಲ.

ಈ ಅಣ್ಣ ಬಂದದ್ದು ಲಾವಣಿಯೊಳಗಿಂದ. ಕಮಲಾಪುರದ ಸಂತೆಯ ದಿನ ಕೆಂಪು ಬಾಳೆಹಣ್ಣಿನ ರಾಶಿಗಳ ಆಚೆ, ಬೇವಿನ ಮರದ ಕೆಳಗೆ, ಇಬ್ಬರು ಹಾಡುಗಾರರು ಒಂಟಿ ತಂತಿಯ ತುಂತುಣಿ ಹಿಡಿದು ನಿಲ್ಲುತ್ತಿದ್ದರು. ಗುಡ್ಡ ಸೇರಿದ್ದ ಒಬ್ಬ ದರೋಡೆಕೋರನ ಕಥೆ. ಅವನು ಸಾಹುಕಾರನ ಬಂಡಿ ತಡೆದು ಬಂಗಾರವನ್ನು ಬಡವರಿಗೆ ಹಂಚಿದ್ದು, ಸಿಪಾಯಿಗಳನ್ನು ಹಳ್ಳಕ್ಕೆ ಕೆಡವಿದ್ದು, ರೊಟ್ಟಿ ಕೊಟ್ಟ ಹೆಂಗಸನ್ನು ‘ತಂಗಿ’ ಎಂದು ಕರೆದದ್ದು. ಕಂದಾಯದ ಗಿರ್ದಾವರ ಸಾಹೇಬರು ಬರುತ್ತಾರೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುವ ನಮ್ಮ ಜನ, ಹಾಡಿನಲ್ಲಿ ಗಿರ್ದಾವರನ ರುಮಾಲು ಹಾರಿದ್ದೇ ತಡ, ಕುಣಿದಾಡುತ್ತಿದ್ದರು. ಹಾಡು ಮುಗಿದ ಮೇಲೆ ಚಪ್ಪಲಿ ಮತ್ತೆ ಕೈಗೆ! ಕಳ್ಳನ ಕಥೆ ಯಾಕಿಷ್ಟು ರುಚಿ? ನಾವು ಮಾಡಲಾರದ್ದನ್ನೆಲ್ಲ ಅವನು ಮಾಡುತ್ತಾನೆ, ಪೆಟ್ಟನ್ನೂ ಅವನೇ ತಿನ್ನುತ್ತಾನೆ. ಅದಕ್ಕೇ ಇರಬೇಕು.

ಉಳಿದವರು ಹಾಡನ್ನು ಸಂತೆಯಲ್ಲೇ ಬಿಟ್ಟು ಬರುತ್ತಿದ್ದರು. ದೊಡ್ಡವ್ವ ಮನೆಗೆ ತಂದಳು. ಮೊದಲೇ ಅವಳು ಕೂತಲ್ಲಿ ಕೂಡುವವಳಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ ಬಾಗಿಲಿಗೆ ಓಡುವಳು, ಮಗುಚಲು ಒಳಗೆ ಓಡುವಳು, ಉಬ್ಬುವಷ್ಟರಲ್ಲಿ ಮತ್ತೆ ಬಾಗಿಲಲ್ಲಿ! ಹಾಡಿನ ಆ ಅಣ್ಣನ ದಾರಿ ಕಾದು ಕಾದು ಒಂದು ಸಂಜೆ ಸಾರಿದಳು:

“ಮಧ್ಯಾಹ್ನ ಬಂದಿದ್ದ ರೀ. ಹಿತ್ತಲ ಬಾಗಲದಾಗ ನಿಂತು ರೊಟ್ಟಿ, ಪುಂಡಿಪಲ್ಯ ಉಂಡ. ‘ತಂಗೀ, ನಮ್ಮವ್ವನ ಕೈ ನೆನಪಾತು’ ಅಂದ.”

“ಯಾರು?” ಎಂದರು ದೊಡ್ಡಪ್ಪ.

“ಯಾರಂದ್ರ? ನಿಮ್ಮ ಭಾವ! ಗುಡ್ಡದಣ್ಣ!”

ದೊಡ್ಡಪ್ಪ ಗುಬ್ಬಿ ಹಾರಿದರೂ ಬೆಚ್ಚುವ ಮನುಷ್ಯ. ತುತ್ತು ಗಂಟಲಲ್ಲೇ ನಿಂತಿತು. “ನನ್ನ ಬಗ್ಗೆ ಏನರೆ ಅಂದ್ನೇನು?”

“ಭಾವ ಹೊತ್ತು ಮುಳುಗೂದ್ರಾಗ ಮನಿಗೆ ಬರ್ತಾರಿಲ್ಲೋ ಅಂತ ಕೇಳ್ದ.”

ಅಂದಿನಿಂದ ದೊಡ್ಡಪ್ಪ ನಮ್ಮ ಓಣಿಯ ದನಗಳಿಗಿಂತ ಮೊದಲೇ ಮನೆ ಸೇರತೊಡಗಿದರು.

ಹಾಲಿನವಳಿಗೂ ಅಣ್ಣನ ಬಿಸಿ ತಟ್ಟಿತು. “ನೀರು ಹಾಕೀದೇನವಾ ಹಾಲಿಗೆ? ಹಾಕು, ಹಾಕು. ನಮ್ಮಣ್ಣಗೂ ನೀರಂದ್ರ ಭಾಳ ಸೇರ್ತದ. ಮಂದಿನ್ನ ಬಾವ್ಯಾಗ ಒಗಿಯೂದಂದ್ರ ಮುಗೀತು!” ಮರುದಿನ ಹಾಲಿನ ಮೇಲೆ ಬೆರಳಷ್ಟು ದಪ್ಪ ಕೆನೆ!

ಇಂಥ ಅಣ್ಣ ಸೋತದ್ದು ನಾಗರ ಪಂಚಮಿಯ ಮುಂದೆ. ಪಂಚಮಿಗೆ ಅಣ್ಣನಾದವನು ತಂಗಿಯನ್ನು ಕರೆಯಲು ಬರಬೇಕು, ಆಗದಿದ್ದರೆ ರವಿಕೆ ಹೊಲಿಸಿಕೊಳ್ಳಲು ಕುಬಸದ ಖಣವನ್ನಾದರೂ ಕಳಿಸಬೇಕು. ಓಣಿಯ ಹೆಂಗಸರು ಹೊಸ ಕುಬಸ ತೊಟ್ಟು ಜೋಕಾಲಿ ಜೀಕುತ್ತಿದ್ದರು. ಎದುರು ಮನೆಯಾಕೆ ಕೇಳಿಯೇಬಿಟ್ಟಳು: “ಯಕ್ಕಾ, ಊರಿಗೆಲ್ಲಾ ಬಂಗಾರ ಹಂಚೋ ಅಣ್ಣಗ ಒಂದು ಖಣ ಸಿಗಲಿಲ್ಲೇನ?”

“ಬೆನ್ನಿಗೆ ಪೊಲೀಸ್ರು ಬಿದ್ದಾಗ ಬಟ್ಟಿ ಅಂಗಡ್ಯಾಗ ಕೂಡ್ಲಿಕ್ಕೆ ಆಗ್ತದೇನವಾ?” ಎಂದಳು ದೊಡ್ಡವ್ವ. ಆದರೆ ಆ ದಿನವೆಲ್ಲ ಹಿತ್ತಲ ಬಾಗಿಲಿಗೂ ಒಳಕ್ಕೂ ತಿರುಗಾಡಿದಳು. ನಾನು ನೋಡಿದೆ. ನೋಡಿ ನಕ್ಕೆ.

ಆಗ ನಾನು ಕಲಬುರ್ಗಿಯ ಹೈಸ್ಕೂಲಿನಲ್ಲಿ ಉರ್ದುವಿನಲ್ಲಿ ಪಾಠ ಒಪ್ಪಿಸುತ್ತಿದ್ದ, ಮೀಸೆ ಮೂಡುತ್ತಿದ್ದ ಪಂಡಿತ! ಮರುವರ್ಷ ಪಂಚಮಿಗೆ ಊರಿಗೆ ಹೊರಟಾಗ ಕಲಬುರ್ಗಿಯ ಪೇಟೆಯಲ್ಲಿ ಒಂದು ಖಣ ಕೊಂಡೆ. ಬೆಳಗಿನ ಜಾವ ಹಿತ್ತಲ ಹೊಸ್ತಿಲ ಮೇಲೆ ಇಟ್ಟೆ. ಪ್ರೀತಿಯಿಂದ ಎಂದುಕೊಂಡಿರಾ? ಅವಳು ಓಣಿಗೆಲ್ಲ ತೋರಿಸಿ ಮೆರೆಯಲಿ, ಆಮೇಲೆ ಎಲ್ಲರೆದುರು ‘ಇಟ್ಟವನು ನಾನು!’ ಎಂದು ಚಪ್ಪಾಳೆ ತಟ್ಟಬೇಕು ಎಂಬ ಹಂಚಿಕೆ. ಶಾಲೆಯ ಗೆಳೆಯರಿಗೆಲ್ಲ ಮೊದಲೇ ಹೇಳಿ ನಗಿಸಿಯೂ ಬಂದಿದ್ದೆ. ಇದನ್ನು ಮುಚ್ಚಿಟ್ಟು ಮುದುಕನಾದೆ. ಇನ್ನು ಮುಚ್ಚಿಡಲಾರೆ.

ದೊಡ್ಡವ್ವ ಉಸಿರು ಬಿಡದೆ ಕುಬಸ ಹೊಲಿದಳು, ತೊಟ್ಟಳು, ಜೋಕಾಲಿ ಏರಿದಳು. “ನೋಡ್ರೇ, ನಮ್ಮಣ್ಣ ಕೊಟ್ಟ ಕುಬಸ!” ಜೋಕಾಲಿ ಬೇವಿನ ಕೊಂಬೆ ಮುಟ್ಟಿತು. ಆ ಮುಖ ನೋಡಿ ನನ್ನ ಚಪ್ಪಾಳೆ ಕೈಯಲ್ಲೇ ಉಳಿಯಿತು.

ಇಳಿಹೊತ್ತಿಗೆ ಸಿಪಾಯಿಗಳು ಬಂದರು. ಸುದ್ದಿ ಪೊಲೀಸ್ ಠಾಣೆಯ ಅಮೀನ ಸಾಹೇಬರ ಕಿವಿ ಮುಟ್ಟಿತ್ತು. ದೊಡ್ಡವ್ವನನ್ನು ಚಾವಡಿಗೆ ಕರೆದೊಯ್ದರು. ಹಿಂದೆ ಊರೇ ಹೊರಟಿತು. ನಾನು ಎಲ್ಲರ ಬೆನ್ನ ಹಿಂದೆ.

“ಖಣ ಯಾರು ಕೊಟ್ರು?”

“ನಮ್ಮಣ್ಣ ರೀ ಸಾಹೇಬ್ರ. ಗುಡ್ಡದಾಂವ.”

ಅಮೀನರು ಮೇಜಿಗೆ ಒರಗಿ ನಿಧಾನವಾಗಿ ಅಂದರು: “ಅರೆ ಬಾಯಿ, ಅವ ಬ್ಯಾಸಿಗ್ಯಾಗೇ ಜೈಲಿನಾಗ ಸತ್ತಾನ. ಅವನ ಮಂದಿ ಇನ್ನೂ ಅಡಗ್ಯಾರ. ಕೊಟ್ಟಾಂವ ಅವರೊಳಗ ಒಬ್ಬ. ಹೆಸರು ಹೇಳು, ಇಲ್ಲಂದ್ರ ಈಗಿಂದೀಗ ಕಲಬುರ್ಗಿ ಜೈಲಿಗೆ ನಡಿ.”

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಮುಂದೆ ನಿಂತವನ ರುಮಾಲಿನ ಹಿಂದೆ ತಲೆ ತಗ್ಗಿಸಿದೆ. ದೊಡ್ಡವ್ವನ ಕಣ್ಣು ಜನರ ಮೇಲೆ ಹಾದು, ನನ್ನ ಮೇಲೆ ಒಂದು ಗಳಿಗೆ ನಿಂತು, ಅಮೀನರತ್ತ ತಿರುಗಿತು.

“ಸತ್ತ ಮ್ಯಾಲೂ ತಂಗಿನ್ನ ಮರೀಲಿಲ್ಲ ನೋಡ್ರಿ ನಮ್ಮಣ್ಣ!”

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಚಾವಡಿಯೇ ನಕ್ಕಿತು. ಅಮೀನರು ಮೀಸೆಯಲ್ಲೇ ತಡೆದುಕೊಳ್ಳಲು ನೋಡಿ ಸೋತರು. “ಪಾಗಲ್ ಇದ್ದಾಳ. ಕರಕೊಂಡು ಹೋಗ್ರಿ ಮನಿಗೆ!”

ಮನೆಗೆ ಬಂದವಳು ಹಿತ್ತಲಿನಲ್ಲಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಅಣ್ಣ ಸತ್ತ ಸುದ್ದಿ ಬಂದರೆ ತಂಗಿ ಮಾಡುವ ಹಾಗೆ. ಒಲೆ ಹಚ್ಚಲಿಲ್ಲ. ಗೋಡೆಗೆ ಒರಗಿ ಕೂತಳು. ದೊಡ್ಡವ್ವ ಸುಮ್ಮನೆ ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ದೊಡ್ಡವ್ವಾ...”

“ಗೊತ್ತದ ಬಿಡು. ಅಣ್ಣ ಆದಾಂವ ಬರೇ ಖಣ ಇಟ್ಟು ಹೋಗಂಗಿಲ್ಲೋ ಹುಚ್ಚಾ. ಜೋಡಿ ಅಡಿಕಿ, ಒಂದು ಅರಿಷಿಣಕೊಂಬು ಕಟ್ಟಿರ್ತಾನ. ಇದು ಸಾಲಿ ಹುಡುಗನ ಕೆಲಸ ಅಂತ ನೋಡಿದ ಕೂಡಲೇ ತಿಳೀತು.”

“ತಿಳಿದೂ ಯಾಕ ತೊಟ್ಟಿ?”

ಒದ್ದೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಯಾರರೆ ನನ್ನ ನೆನಸಿ ಇಟ್ಟಾರಲ್ಲ ಅಂತ.”

ನೆನೆಸಿ ಅಲ್ಲ, ನಗಲು ಇಟ್ಟೆ ಎಂದು ಅವಳಿಗೆ ಹೇಳಲಾಗಲಿಲ್ಲ. ಕೊನೆಯವರೆಗೂ ಹೇಳಲಿಲ್ಲ.

ಮುಂದಿನ ಪಂಚಮಿಗೆ ಖಣದೊಳಗೆ ಅಡಿಕೆ, ಅರಿಷಿಣಕೊಂಬು ಕಟ್ಟಿ, ಅದೇ ಹೊಸ್ತಿಲ ಮೇಲೆ ಇಟ್ಟು, ಬಣವೆಯ ಮರೆಯಲ್ಲಿ ನಿಂತೆ. ದೊಡ್ಡವ್ವ ಬಂದಳು. ಗಂಟು ಬಿಚ್ಚಿದಳು. ಕೊಂಬನ್ನು ಬೆರಳಿನಲ್ಲಿ ತಿರುಗಿಸುತ್ತಾ ಎಷ್ಟೋ ಹೊತ್ತು ನಿಂತಳು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು:

“ನೋಡ್ರೇ, ಈ ವರ್ಷಾನೂ ಬಂದಿದ್ದ!”

ಒಳಗಿನಿಂದ ದೊಡ್ಡಪ್ಪ ಅಷ್ಟೇ ಗಟ್ಟಿಯಾಗಿ ಕೇಳಿದರು: “ನನ್ನ ಬಗ್ಗೆ ಏನರೆ ಅಂದ್ನೇನು?”