ಹಾಸಿಗೆ ಅಂಗಡಿ ಮಹಡಿಯ ವಿಮರ್ಶಕರು

ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮೆಟ್ಟಿಲು ಹತ್ತಿಕೊಂಡು ಬರುತ್ತವೆ. ನನ್ನಲ್ಲಿಗಂತೂ ಪ್ರತಿ ಭಾನುವಾರ ಮಧ್ಯಾಹ್ನ, ಚಪ್ಪಲಿ ಕೆಳಗೆ ಬಿಟ್ಟು, ಕೈಯಲ್ಲೊಂದು ಕವಿತೆ ಹಿಡಿದುಕೊಂಡು ಬರುತ್ತವೆ.

ಒಂಟಿಕೊಪ್ಪಲಿನಲ್ಲಿ ನನ್ನದು ಹಾಸಿಗೆ ಅಂಗಡಿ. ಕೆಳಗೆ ವ್ಯಾಪಾರ, ಮಹಡಿಯಲ್ಲಿ ಮಾಲು. ಆ ಮಹಡಿಯನ್ನು ಭಾನುವಾರದ ಮಟ್ಟಿಗೆ ಒಂದು ಕಾವ್ಯ ವಿಮರ್ಶೆ ಕೂಟಕ್ಕೆ ಬಿಟ್ಟುಕೊಟ್ಟಿದ್ದೇನೆ. ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ. ಹೆಂಡತಿ ಹೇಳಿದಳು, ಕೊಟ್ಟೆ.

ಕೂಟವನ್ನು ಎತ್ತಿ ಹಿಡಿದವರು ಮೂವರು. ಸಿದ್ಧಾರ್ಥನಗರದಿಂದ ಬರುವ ನಿವೃತ್ತ ಕನ್ನಡ ಮೇಷ್ಟ್ರು. ಪದ್ಯದಲ್ಲಿರುವ ಪದಗಳನ್ನು ಬಿಟ್ಟು ಆಚೀಚೆ ನೋಡಲೇಬಾರದು ಅನ್ನುವವರು. ಕೆಸರೆಯಿಂದ ಬರುವ ಕಾರ್ಮಿಕ ಮುಖಂಡರು. ಯಾವ ಪದ್ಯ ಕೊಟ್ಟರೂ ಇದರಲ್ಲಿ ದುಡಿಯುವವನು ಯಾರು, ಕೂತು ತಿನ್ನುವವನು ಯಾರು ಅಂತ ಮೊದಲು ಕೇಳುತ್ತಾರೆ. ಇನ್ನೊಬ್ಬರು ಮನಶ್ಶಾಸ್ತ್ರ ಪಾಠ ಮಾಡುವ ಮೇಡಂ. ಅವರಿಗೆ ಪದ್ಯಕ್ಕಿಂತ ಬರೆದವರ ಬಾಲ್ಯದ ಮೇಲೆ ಕಣ್ಣು.

ಕೂಟಕ್ಕೊಂದು ಕಟ್ಟುನಿಟ್ಟಿನ ನಿಯಮ. ಪದ್ಯದ ಮೇಲೆ ಕವಿಯ ಹೆಸರು ಇರಕೂಡದು. ಓದುವುದೂ ಬೇರೆಯವರೇ. ಎಲ್ಲರ ವಿಮರ್ಶೆ ಮುಗಿಯುವವರೆಗೆ ಕವಿ ತುಟಿ ಬಿಚ್ಚುವ ಹಾಗಿಲ್ಲ. ಆಮೇಲೆ ಧೈರ್ಯ ಉಳಿದಿದ್ದರೆ ಎದ್ದು ನಿಂತು "ನಾನೇ" ಅನ್ನಬಹುದು.

ಕಾಫಿ ತಂದ ನೆಪದಲ್ಲಿ ನನ್ನ ಹೆಂಡತಿ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಊಟಕ್ಕೆ ಬಡಿಸುತ್ತಾ ಬಾಯಿಬಿಟ್ಟಳು. "ನಾನೂ ಬರೀತೀನಿ ಕಣ್ರೀ, ಮದುವೆಗೆ ಮುಂಚಿನಿಂದ. ಯಾರಿಗೂ ತೋರ್ಸಿಲ್ಲ. ಒಂದನ್ನ ಅಲ್ಲಿ ಓದುಸ್ತೀನಿ. ಕವಿತೆ ಅಂದ್ರೆ ಬರೀತಾ ಹೋಗ್ತೀನಿ, ಅಲ್ಲ ಅಂದ್ರೆ ಬುಟ್ಬುಡ್ತೀನಿ."

"ಆ ಮೂವರ ಕೈಗಾ? ಇನ್ನೊಂದ್ಸಲ ಯೋಚನೆ ಮಾಡು," ಅಂದೆ. ಯಾಕೆ ಹಾಗಂದೆ ಅನ್ನುವುದಕ್ಕೆ ಕೆಳಗಿನವನ್ನು ಓದಿ.

ಯಾವ ಪಂಥ?

ಶುರುವಿನ ದಿನಗಳಲ್ಲಿ ನಾನೂ ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು, ಇವರೆಲ್ಲ ನನ್ನ ಗಿರಾಕಿಗಳ ಹಾಗೇ. ಹಾಸಿಗೆ ತಗೊಳ್ಳೋಕೆ ಬಂದವರಲ್ಲಿ ಒಬ್ಬರು ಹೊಲಿಗೆ, ಅಂಚು, ಮೂಲೆ ಮಾತ್ರ ನೋಡುತ್ತಾರೆ. ಒಬ್ಬರು ಹತ್ತಿ ಯಾವೂರದು ಅಂತ ಕೇಳುತ್ತಾರೆ. ಇನ್ನೊಬ್ಬರು "ಹೊಲಿದೋರಿಗೆ ಎಷ್ಟು ಕೊಡ್ತೀರಿ?" ಅಂತ ನನ್ನನ್ನೇ ವಿಚಾರಣೆಗೆ ನಿಲ್ಲಿಸುತ್ತಾರೆ. ಮತ್ತೊಬ್ಬರು ಏನೂ ಕೇಳುವುದಿಲ್ಲ, ಮಲಗಿ ನೋಡಿ, ಎದ್ದು, "ಯಾಕೋ ನಂಗೆ ಹಿಡಿಸ್ಲಿಲ್ಲ" ಅಂತ ಹೊರಡುತ್ತಾರೆ.

ಇದನ್ನು ಕೂಟದಲ್ಲಿ ಹೇಳಿಬಿಟ್ಟೆ. ಮೇಷ್ಟ್ರಿಗೆ ಬಹಳ ಸಂತೋಷವಾಯಿತು. "ಭೇಷ್! ರೂಪ, ಚರಿತ್ರೆ, ವರ್ಗ, ಓದುಗನ ಅನುಭವ, ನಾಲ್ಕನ್ನೂ ಹೇಳ್ಬುಟ್ರಿ. ಅಂದಹಾಗೆ ಸಾಹುಕಾರ್ರೇ, ಇದರಲ್ಲಿ ನಿಮ್ಮದು ಯಾವ ಪಂಥ?"

"ಒಂದ್ಸಲ ಮಾರಿದ್ದನ್ನ ವಾಪಸ್ ತಗೊಳ್ಳದ ಪಂಥ ಸಾರ್."

ಚಂದ್ರನ ರಾತ್ರಿ ಪಾಳಿ

ಒಂದು ವಾರ ಚಂದ್ರನ ಮೇಲೆ ಪದ್ಯ ಬಂತು. ನೀನು ಬಂದರೆ ನನ್ನ ಅಂಗಳ ಬೆಳಗುತ್ತದೆ ಅನ್ನುವ ಧಾಟಿಯದು. ಮೇಷ್ಟ್ರು ಅಂಗಳದ ಪ್ರಾಸ ಹಿಡಿದುಕೊಂಡು ಕೂತರು. ಮುಖಂಡರು ತೊಡೆ ತಟ್ಟಿದರು. "ಅದೆಲ್ಲ ಬುಡಿ. ರಾತ್ರಿಯೆಲ್ಲ ಪಾಳಿ ಮಾಡೋನು ಚಂದ್ರ, ಹೆಸರೆಲ್ಲ ಸೂರ್ಯನಿಗೆ. ಇದು ಶೋಷಣೆಯ ಪದ್ಯ!" ಮೇಡಂ ನಿಧಾನವಾಗಿ ಕನ್ನಡಕ ತೆಗೆದರು. "ಅಲ್ಲ. ದುಂಡು ಮುಖ, ಬೆಳಕು, ಅಂಗಳ. ಈತ ತಾಯಿಯನ್ನ ಹುಡುಕ್ತಾ ಇದಾನೆ."

ವಿಮರ್ಶೆ ಮುಗಿದ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಯುವಕ ಎದ್ದು ನಿಂತ. ಮುಖ ಬಾಡಿಹೋಗಿತ್ತು. "ನಾನೇ ಬರೆದದ್ದು. ನನಗೆ ನಿಶ್ಚಯವಾಗಿರೋ ಹುಡುಗಿ ಮೇಲೆ ಬರೆದೆ. ನೀವು ಹೇಳಿದ್ದನ್ನೆಲ್ಲ ಅವಳಿಗೂ ಹೇಳ್ತೀನಿ," ಅಂದ. ಬೇಡಪ್ಪಾ ಅನ್ನುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದ.

ಮುಂದಿನ ಭಾನುವಾರ ಆ ಹುಡುಗಿಯೇ ಬಂದಳು. ಸೊಂಟಕ್ಕೆ ಕೈಯಿಟ್ಟು ನಿಂತು ಕೇಳಿದಳು. "ನನ್ನಲ್ಲಿ ಇವ್ರ ಅಮ್ಮನ್ನ ಕಂಡೋರು ಯಾರ್ರೀ ಇಲ್ಲಿ?"

ಮೂರು ಪಂಥದವರೂ ಒಮ್ಮತಕ್ಕೆ ಬಂದದ್ದನ್ನು ನಾನು ಕಂಡದ್ದು ಅವತ್ತೇ. ಮೂವರೂ ನನ್ನ ಕಡೆ ಕೈ ತೋರಿಸಿದರು.

ಹೇಳದೆ ಬಿಟ್ಟದ್ದು

ಮಹಡಿಯಲ್ಲಿ ಕುರ್ಚಿ ಇಲ್ಲ. ಎಲ್ಲರೂ ಕೂರುವುದು ನನ್ನ ಮಾಲಿನ ಮೇಲೆಯೇ. ಮೇಷ್ಟ್ರಿಗೆ ಸೊಂಟನೋವು, ಅದಕ್ಕೆ ಬೂರುಗದ ಹತ್ತಿಯ ಹಾಸಿಗೆ ಕೊಟ್ಟಿದ್ದೆ.

ಅವತ್ತು ಯಾರೋ ಒಂದು ದೊಡ್ಡ ಕಾವ್ಯವನ್ನೇ ತಂದಿದ್ದರು. ಮುಖಂಡರು ಭಾಷಣದ ಗಂಟಲಲ್ಲಿ ಓದತೊಡಗಿದರು. ಎರಡನೇ ಪುಟಕ್ಕೆ ಮೇಷ್ಟ್ರ ಕಣ್ಣು ಮುಚ್ಚಿತು. ಮೂರನೇ ಪುಟಕ್ಕೆ ಗೊರಕೆ. ಕವಿಗೆ ಎಷ್ಟು ಸಂಕಟವಾಗಿರಬೇಕು, ಆದರೆ ಬಾಯಿ ಬಿಡುವ ಹಾಗಿಲ್ಲವಲ್ಲ! ಓದು ಮುಗಿದಾಗ ಮೇಡಂ ಮೆಲ್ಲಗೆ ಮೇಷ್ಟ್ರ ತೋಳು ಅಲುಗಿಸಿದರು.

ಮೇಷ್ಟ್ರು ಕಣ್ಣು ಬಿಟ್ಟು, ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ ಅಂದರು. "ಏನು ಹೇಳಿದಾರೆ ಅನ್ನೋದು ದೊಡ್ಡದಲ್ಲ. ಹೇಳದೆ ಬಿಟ್ಟ ಜಾಗಗಳಿವೆಯಲ್ಲ, ಈ ಕಾವ್ಯದ ಶಕ್ತಿ ಅಲ್ಲಿದೆ."

ಹಿಂದಿನ ಸಾಲಿನಿಂದ ಕೃಷಿ ಇಲಾಖೆಯ ನಿವೃತ್ತ ಅಧಿಕಾರಿಯೊಬ್ಬರು ಓಡಿಬಂದು ಮೇಷ್ಟ್ರ ಕಾಲಿಗೆ ಬಿದ್ದರು. "ಇಷ್ಟು ದಿನಕ್ಕೆ ಒಬ್ಬರಿಗೆ ಅರ್ಥವಾಯ್ತು ಸಾರ್!" ಕಣ್ಣಲ್ಲಿ ನೀರು. ಆ ನೆನಪಿಗೆ ಮೇಷ್ಟ್ರು ಕೂತಿದ್ದ ಹಾಸಿಗೆಯೇ ಬೇಕು ಅಂತ ಪಟ್ಟು ಹಿಡಿದರು. "ಕೂತು ಬಳಸಿದ್ದು, ಸ್ವಲ್ಪ ಕಡಿಮೆ ಮಾಡಿ" ಅಂತಲೂ ಕೇಳಿದರು.

ನಾನು ಇಳಿಸಲಿಲ್ಲ. ಆ ಹಾಸಿಗೆ ಎಷ್ಟು ಚೆನ್ನಾಗಿದೆ ಅಂತ ಅವರ ಕಾವ್ಯವೇ ತೋರಿಸಿಕೊಟ್ಟಿತ್ತು.

ಪದ್ಯದಲ್ಲಿ ಇಲ್ಲದ ಬೆಕ್ಕು

ಇಷ್ಟೆಲ್ಲ ಕಂಡ ಮೇಲೂ ನನ್ನ ಹೆಂಡತಿ ಹಿಂದೆ ಸರಿಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ "ಇವತ್ತು ನಂದು" ಅಂದಳು, ಅಷ್ಟೇ. ಏನು ಬರೆದಿದ್ದಾಳೆಂದು ನನಗೂ ಹೇಳಲಿಲ್ಲ. ಮಧ್ಯಾಹ್ನ ಕಾಫಿ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಳು. ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಮೇಡಂ ಓದಿದರು.

ತೆರೆಯಬೇಡ ಎಂದವರಿಲ್ಲ,
ತೆರೆ ಎಂದವರೂ ಇಲ್ಲ.
ಅಡಿಗೆಮನೆಯ ಕಿಟಕಿಯ ಚಿಲಕವೇ,
ಇಂದು ಗಾಳಿ ಬಂದಾಗ ಏನು ಹೇಳಿ ಕಳಿಸಿದೆ?

ಮುಖಂಡರು ಮೊದಲು ಶುರುಮಾಡಿದರು. "ಇದು ಬೀಗ ಹಾಕಿದ ಕಾರ್ಖಾನೆ. ಚಿಲಕ ಅಂದ್ರೆ ಮಾಲೀಕ. ಗಾಳಿ ಅಂದ್ರೆ ನಾವು."

"ಅಡಿಗೆಮನೆ ಅಂತ ಇದೆಯಲ್ಲ ಸಾರ್," ಅಂದರು ಮೇಡಂ. "ಈಕೆಗೆ ಮದುವೆಯಾಗಿ ಬಹಳ ವರ್ಷವಾಗಿದೆ. ಚಿಲಕ ಅಂದರೆ ಗಂಡ. ಬೈಯಲ್ಲ, ಹೊಡೆಯಲ್ಲ, ಮಾತೇ ಆಡಲ್ಲ. ಒಂದು ತುಂಡು ಕಬ್ಬಿಣ! ಪಾಪ, ಈ ಹೆಣ್ಣುಮಗಳು ಅವನ ಜೊತೆ ಹೇಗೆ ಬಾಳ್ತಾ ಇದಾಳೋ."

"ಅಂಥೋನಿಗೆ ಘೇರಾವ್ ಹಾಕ್ಬೇಕು ಕಣ್ರೀ!" ಅಂದರು ಮುಖಂಡರು.

ಸಭೆಯೆಲ್ಲ ತ್ಚು ತ್ಚು ಅಂದಿತು. ನನಗೆ ತಡೆಯಲಾಗಲಿಲ್ಲ. ಎದ್ದುಬಿಟ್ಟೆ. "ಗಂಡನ್ನ ಯಾಕ್ರೀ ಎಳೀತೀರ? ಆ ಕಿಟಕಿ ತೆಗೆದ್ರೆ ಪಕ್ಕದ ಮನೆ ಬೆಕ್ಕು ಒಳಗೆ ಬಂದು ಹಾಲು ಕುಡಿಯುತ್ತೆ. ಅದಕ್ಕೇ ಮುಚ್ಚಿರೋದು!"

ಮೇಷ್ಟ್ರು ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. "ಸಾಹುಕಾರ್ರೇ, ಪದ್ಯದಲ್ಲಿ ಬೆಕ್ಕೇ ಇಲ್ಲ. ನಿಮಗೆ ಹೇಗೆ ಗೊತ್ತಾಯ್ತು?" ಮರುಕ್ಷಣ ಅವರೇ ಕೂಗಿದರು. "ಅಯ್ಯೋ, ಬರೆದೋರು ನೀವೇ!"

"ನಾನಲ್ಲ ಸಾರ್..."

"ಕವಿ ಮಾತಾಡೋ ಹಾಗಿಲ್ಲ!" ಅಂತ ಇಡೀ ಸಭೆ ನನ್ನನ್ನು ಕೂರಿಸಿತು.

ಮೇಡಂ ಅಲ್ಲೇ ಮಾತು ತಿರುಗಿಸಿದರು. "ಗಂಡಸಾಗಿ ಹೆಣ್ಣಿನ ಮನಸ್ಸಿನ ಒಳಗೆ ಇಷ್ಟು ಇಳಿದಿದೀರಲ್ಲ! ನಿಮ್ಮ ಮನೆಯವರು ಪುಣ್ಯ ಮಾಡಿದ್ರು," ಅಂತ ಬಾಗಿಲ ಕಡೆ ನೋಡಿ ನಕ್ಕರು. ಮುಖಂಡರು ನನ್ನ ಕೈ ಹಿಡಿದು ಕುಲುಕಿದರು. "ಅಂಗಡಿಗೆ ಬೀಗ ಹಾಕೋರ ಪೈಕಿ ಆಗಿದ್ಕೊಂಡು ಚಿಲಕದ ವಿರುದ್ಧ ಬರೆಯೋದು ಸಣ್ಣ ವಿಷಯ ಅಲ್ಲ ಬುಡಿ!"

ಮೇಷ್ಟ್ರು ಮಾತ್ರ ನಗಲಿಲ್ಲ. "ಯಾರೇ ಬರೆದಿರಲಿ, ನನಗೆ ಅದು ಮುಖ್ಯ ಅಲ್ಲ," ಅಂದರು. "ಕಿಟಕಿಯನ್ನ ಕೇಳಿಲ್ಲ, ಗಾಳಿಯನ್ನ ಕೇಳಿಲ್ಲ, ಚಿಲಕವನ್ನ ಕೇಳಿದಾರೆ. ಕೇಳಿ ಸುಮ್ಮನಾಗಿದಾರೆ. ಒಂದು ಪದ ತೆಗೆಯೋಕಾಗಲ್ಲ. ಇದು ಕವಿತೆ."

ಬಾಗಿಲ ಹತ್ತಿರ ಲೋಟಗಳ ಸದ್ದು ನಿಂತಿತು. ನನ್ನ ಹೆಂಡತಿ ತಟ್ಟೆಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನೆಟ್ಟಗೆ ನಿಂತು "ನಾನೇ" ಅಂದಳು.

ಎಲ್ಲರೂ ಅವಳನ್ನು ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಮೇಡಂ ಮುಖ ಬಿಳಿಚಿಕೊಂಡಿತು. "ಅಂದ್ರೆ... ಆ ಕಬ್ಬಿಣದ ತುಂಡು..."

"ಛೆ ಛೆ, ಅವರಲ್ಲ ಮೇಡಂ," ಅಂದಳು ಇವಳು. ಹೊಸದಾಗಿ ಕವಿಯಾದ ಗತ್ತು ದನಿಯಲ್ಲೇ ಇತ್ತು. "ಇದು ಬರೀ ಚಿಲಕದ ಮೇಲೆ ಬರೆದದ್ದು. ಯಜಮಾನರ ಮೇಲೆ ಬರೆದಿರೋದು ಬೇರೆ ಇದೆ. ಅದು ಸ್ವಲ್ಪ ಉದ್ದ."

ಅಷ್ಟು ಕೇಳಿದ್ದೇ ಮೇಷ್ಟ್ರು ಕಾಲು ಮೇಲೆತ್ತಿಕೊಂಡು ಚಕ್ಕಳಮಕ್ಕಳ ಹಾಕಿದರು, ಮೇಡಂ ಕನ್ನಡಕ ಒರೆಸಿಕೊಂಡರು, ಮುಖಂಡರು ನನ್ನ ಮಾಲಿನಿಂದ ದಿಂಬೊಂದನ್ನು ಎಳೆದು ಬೆನ್ನಿಗೆ ಕೊಟ್ಟುಕೊಂಡರು.

"ನಿಧಾನವಾಗಿ ಓದಿ ತಾಯಿ, ನಮಗ್ಯಾರಿಗೂ ಅವಸರ ಇಲ್ಲ!"